ಕ್ರೋಶಾ ಗುಂಪಿನಲ್ಲಿ ಜಗಳ ಏಕೆ? ತಪ್ಪಿಸುವುದು ಹೇಗೆ?

ಕ್ರೋಶಾ, ಕಸೂತಿ, ಆರಿ ಕೆಲಸ, ಮೆಹಂದಿ ಇವೆಲ್ಲ ಮನಸ್ಸಿಗೆ ನೆಮ್ಮದಿ ಕೊಡುವ ಹವ್ಯಾಸಗಳು. ನಮ್ಮ ಕಾಲೇಜಿನಲ್ಲೂ ಇವನ್ನು ಮಾಡುವವರು ಇದ್ದಾರೆ. ಮೊದಲು ಈ ಕೆಲಸವನ್ನು ಮನೆಯ ಹಿರಿಯರಿಂದ ಕಲಿಯುತ್ತಿದ್ದರು. ಈಗ ಬಹಳ ಮಂದಿ ವಾಟ್ಸಾಪ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಗುಂಪುಗಳಲ್ಲಿ ಕಲಿಯುತ್ತಾರೆ. ಆದರೆ ತಾಳ್ಮೆಯಿಂದ ಮಾಡುವ ಈ ಕೆಲಸದ ಗುಂಪುಗಳಲ್ಲೂ ಜಗಳ ತಪ್ಪಿಲ್ಲ. ಅದು ಏಕೆ ಆಗುತ್ತದೆ, ಹೇಗೆ ತಪ್ಪಿಸಬಹುದು ಎಂಬುದನ್ನು ನೋಡೋಣ.

ಒಂದು ಪತ್ರ ಮಾಡಿದ ಗಲಾಟೆ

ರಾವೆಲ್‌ರಿ ಎಂಬುದು 2007ರಲ್ಲಿ ಅಮೆರಿಕದಲ್ಲಿ ಆರಂಭವಾದ ಹೆಣಿಗೆ ಮತ್ತು ಕ್ರೋಶಾ ಮಾಡುವವರ ದೊಡ್ಡ ಆನ್‌ಲೈನ್ ಬಳಗ. ಒಲಿಂಪಿಕ್ಸ್ ಕ್ರೀಡೆಗಳನ್ನು ಟಿವಿಯಲ್ಲಿ ನೋಡುತ್ತಾ, ಅವು ಮುಗಿಯುವುದರೊಳಗೆ ಒಂದು ಹೆಣಿಗೆ ಮುಗಿಸುವ ಸ್ಪರ್ಧೆಯನ್ನು ಇದರ ಸದಸ್ಯರು ನಡೆಸುತ್ತಿದ್ದರು. ಅದಕ್ಕೆ ‘ರಾವೆಲಿಂಪಿಕ್ಸ್’ ಎಂದು ಹೆಸರಿಟ್ಟಿದ್ದರು. 2012ರ ಜೂನ್‌ನಲ್ಲಿ, ಲಂಡನ್ ಒಲಿಂಪಿಕ್ಸ್‌ಗೆ ಮುಂಚೆ, ಅಮೆರಿಕದ ಒಲಿಂಪಿಕ್ ಸಮಿತಿಯಿಂದ ಹೆಸರು ಬದಲಿಸಬೇಕೆಂದು ಪತ್ರ ಬಂತು.

ಆ ದೇಶದ ಕಾನೂನಿನಲ್ಲಿ ‘ಒಲಿಂಪಿಕ್’ ಎಂಬ ಪದದ ಮೇಲೆ ಸಮಿತಿಗೆ ವಿಶೇಷ ಹಕ್ಕಿದೆ. ಅಷ್ಟನ್ನೇ ಹೇಳಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಹೆಣೆಯುವವರ ಈ ಸ್ಪರ್ಧೆ ಒಲಿಂಪಿಕ್ಸ್‌ನ ಘನತೆಯನ್ನು ಕುಗ್ಗಿಸುತ್ತದೆ, ಕ್ರೀಡಾಪಟುಗಳಿಗೆ ಅಗೌರವ ತರುತ್ತದೆ ಎಂಬ ಅರ್ಥದ ಮಾತೂ ಪತ್ರದಲ್ಲಿತ್ತು. ಸಿಟ್ಟು ಬಂದದ್ದು ಆ ಮಾತಿಗೆ. ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಪ್ರತಿಭಟನೆಯಾಯಿತು. ಸಮಿತಿ ಕ್ಷಮೆ ಕೇಳಿತು. ಆದರೆ ಅದೇ ಕ್ಷಮೆಯ ಜೊತೆಗೆ, ಕೈಯಲ್ಲಿ ಹೆಣೆದ ವಸ್ತುಗಳನ್ನು ಕಳಿಸಿದರೆ ಸ್ವಾಗತ ಎಂದೂ ಹೇಳಿದ್ದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು. ಎರಡನೇ ಬಾರಿ ಕ್ಷಮೆ ಕೇಳಬೇಕಾಯಿತು. ಕೊನೆಗೆ ಸ್ಪರ್ಧೆಯ ಹೆಸರು ‘ರಾವೆಲೆನಿಕ್ ಗೇಮ್ಸ್’ ಎಂದು ಬದಲಾಯಿತು. ಅಂದರೆ ಸಮಿತಿ ಕೇಳಿದ್ದು ಸಿಕ್ಕಿತು, ಜಗಳ ಮಾತ್ರ ಅನಗತ್ಯವಾಗಿ ಆಯಿತು.

ನಮ್ಮ ಗುಂಪುಗಳಲ್ಲಿ

ನಾನು ಮತ್ತು ನನ್ನ ಆಪಾ ಕ್ರೋಶಾ, ಕಸೂತಿಯ ವಾಟ್ಸಾಪ್ ಗುಂಪೊಂದರಲ್ಲಿದ್ದೇವೆ. ಅಲ್ಲಿ ನಾನು ಗಮನಿಸಿದಂತೆ ಹೆಚ್ಚಿನ ಜಗಳಗಳಿಗೆ ಮೂರೇ ವಿಷಯಗಳು.

ಮೊದಲನೆಯದು, ‘ನನ್ನ ಡಿಸೈನ್ ಕದ್ದಿದ್ದಾರೆ’ ಎಂಬ ಆರೋಪ. ಇಲ್ಲಿ ಸ್ವಲ್ಪ ಕಾನೂನು ತಿಳಿದಿದ್ದರೆ ಒಳ್ಳೆಯದು. ಭಾರತದ ಕೃತಿಸ್ವಾಮ್ಯ ಕಾಯ್ದೆ 1957ರ ಪ್ರಕಾರ ಒಬ್ಬರು ಬರೆದ ವಿವರಣೆ, ಬಿಡಿಸಿದ ಚಿತ್ರ, ತೆಗೆದ ಫೋಟೊ ಅವರದು. ಆದರೆ ಕಲ್ಪನೆ ಅಥವಾ ಹೊಲಿಗೆಯ ವಿಧಾನ ಯಾರ ಸ್ವಂತದ್ದೂ ಅಲ್ಲ. ಹಣ ಕೊಟ್ಟು ಪಡೆದ ಪ್ಯಾಟರ್ನ್‌ನ ಪಿಡಿಎಫ್ ಅನ್ನು ಗುಂಪಿಗೆ ಹಾಕುವುದು ತಪ್ಪು. ಇಬ್ಬರೂ ನವಿಲು ಹೊಲಿದರೆ ಅದು ಕಳ್ಳತನವಲ್ಲ. ಕಸೂತಿಯ ಗೋಪುರ, ತೇರು, ತುಳಸಿಕಟ್ಟೆ, ಆನೆ ಇವು ತಲೆಮಾರುಗಳಿಂದ ಬಂದವು. ಗವಂತಿ, ಮುರ್ಗಿ, ನೇಯ್ಗೆ, ಮೆಂತಿ ಎಂಬ ನಾಲ್ಕು ಹೊಲಿಗೆಗಳೂ ಹಾಗೆಯೇ.

ಎರಡನೆಯದು, ಕೈಕೆಲಸವೋ ಯಂತ್ರದ ಕೆಲಸವೋ ಎಂಬ ಚರ್ಚೆ. ಕೈ ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ ಹೊಲಿಯುತ್ತಾರೆ. ಅದಕ್ಕೆ ದಿನಗಟ್ಟಲೆ ಬೇಕು. ಹಾಗಾಗಿ ಯಂತ್ರದ ಕೆಲಸವನ್ನು ಕೈಕೆಲಸ ಎಂದು ಮಾರಿದರೆ ನೋವಾಗುವುದು ಸಹಜ. ಆದರೆ ಫೋಟೊ ನೋಡಿದ ಕೂಡಲೇ ‘ಇದು ಮೋಸ’ ಎನ್ನುವುದಕ್ಕಿಂತ ‘ಹಿಂಭಾಗದ ಫೋಟೊ ಹಾಕುತ್ತೀರಾ?’ ಎಂದು ಕೇಳುವುದು ಮೇಲು. ಗವಂತಿ, ಮುರ್ಗಿ ಹೊಲಿಗೆಗಳು ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣುತ್ತವೆ. ಉತ್ತರ ಬಟ್ಟೆಯಲ್ಲೇ ಸಿಗುತ್ತದೆ.

ಮೂರನೆಯದು ಬೆಲೆ. ‘ಆನ್‌ಲೈನ್‌ನಲ್ಲಿ 300 ರೂಪಾಯಿಗೆ ಸಿಗುತ್ತೆ, ನೀವು 650 ಹೇಳ್ತೀರಾ?’ ಎಂಬ ಮಾತು ಎಲ್ಲ ಗುಂಪಿನಲ್ಲೂ ಬರುತ್ತದೆ. ಕಾಮರ್ಸ್ ವಿದ್ಯಾರ್ಥಿಗಳಿಗೆ ಇದು ಸುಲಭದ ಲೆಕ್ಕ. ಒಂದು ಕ್ರೋಶಾ ಬ್ಯಾಗಿಗೆ ದಾರ 180 ರೂಪಾಯಿ, ಅಸ್ತರು ಮತ್ತು ಜಿಪ್ 40 ರೂಪಾಯಿ, 8 ಗಂಟೆಯ ಕೆಲಸಕ್ಕೆ ಗಂಟೆಗೆ 50ರಂತೆ 400 ರೂಪಾಯಿ ಎಂದುಕೊಳ್ಳೋಣ. ಲಾಭ ಸೇರಿಸದೆಯೇ 620 ಆಯಿತು. ಬೆಲೆ ಹೆಚ್ಚೆನಿಸಿದರೆ ಕೊಳ್ಳದೆ ಇರಬಹುದು. ಆದರೆ ಹತ್ತಾರು ಜನರ ಮುಂದೆ ‘ದುಬಾರಿ’ ಎಂದರೆ ಉಳಿದ ಗಿರಾಕಿಗಳೂ ಹಿಂದೆ ಸರಿಯುತ್ತಾರೆ. ನಮ್ಮ ಗುಂಪಿನಲ್ಲಿ ಹೀಗೆ ಮಾತು ಕೇಳಿದ ಒಬ್ಬ ಆಂಟಿ ಗುಂಪನ್ನೇ ಬಿಟ್ಟರು. ಅವರಿಗೆ ಆರ್ಡರ್ ಬರುತ್ತಿದ್ದದ್ದು ಆ ಗುಂಪಿನಿಂದಲೇ. ನಮಗೆ ಹವ್ಯಾಸವಾಗಿರುವುದು ಇನ್ನೊಬ್ಬರಿಗೆ ಮಕ್ಕಳ ಫೀಸಿನ ಹಣ ಆಗಿರಬಹುದು.

ಬರಹಕ್ಕೆ ದನಿ ಇಲ್ಲ

ಎದುರಿಗೆ ಮಾತನಾಡುವಾಗ ಮುಖ ಕಾಣುತ್ತದೆ, ದನಿ ಕೇಳುತ್ತದೆ. ಮೆಸೇಜಿನಲ್ಲಿ ಎರಡೂ ಇಲ್ಲ. ಜೊತೆಗೆ ಎಲ್ಲರೂ ನೋಡುತ್ತಿರುವುದರಿಂದ ಯಾರೂ ಸೋಲಲು ಒಪ್ಪುವುದಿಲ್ಲ. ಭಾಷೆಯೂ ಒಂದು ಕಾರಣ. ನಮ್ಮ ಮನೆಮಾತು ಉರ್ದು. ಉರ್ದುವಿನಲ್ಲಿ ‘ಆಪ್’, ‘ತುಮ್’, ‘ತೂ’ ಎಂಬ ವ್ಯತ್ಯಾಸ ನಮಗೆ ಚೆನ್ನಾಗಿ ಗೊತ್ತು. ಆದರೆ ಕನ್ನಡ ಬರೆಯುವಾಗ ನಮ್ಮವರಲ್ಲಿ ಕೆಲವರು ‘ಕಳಿಸಿ’ ಎನ್ನುವಲ್ಲಿ ‘ಕಳಿಸು’ ಎಂದು ಬರೆದುಬಿಡುತ್ತಾರೆ. ಓದಿದವರಿಗೆ ‘ಏಕವಚನದಲ್ಲಿ ಮಾತಾಡಿದರು’ ಎಂದು ಬೇಸರ. ಬರೆದವರಿಗೆ ಆ ಬೇಸರ ಏಕೆಂದೇ ಗೊತ್ತಾಗುವುದಿಲ್ಲ. ಇಂಥ ಕಡೆ ‘ಅವಮಾನ ಮಾಡಿದರು’ ಎಂದುಕೊಳ್ಳುವ ಮೊದಲು ‘ಭಾಷೆ ತೊಡಕಾಗಿರಬಹುದೇ?’ ಎಂದು ಯೋಚಿಸಬೇಕು.

ನಮ್ಮ ದೀನ್ ಕೂಡ ಇದನ್ನೇ ಕಲಿಸುತ್ತದೆ. ಕುರ್‌ಆನಿನ 49ನೇ ಸೂರಾ ಅಲ್-ಹುಜುರಾತ್‌ನಲ್ಲಿ ಬಂದ ಸುದ್ದಿಯನ್ನು ಪರಿಶೀಲಿಸಬೇಕು, ಒಬ್ಬರನ್ನೊಬ್ಬರು ಗೇಲಿ ಮಾಡಬಾರದು, ಅಡ್ಡಹೆಸರು ಇಡಬಾರದು, ಗುಮಾನಿ ಮತ್ತು ಗೀಬತ್‌ನಿಂದ ದೂರವಿರಬೇಕು ಎಂಬ ಆದೇಶಗಳಿವೆ. ಸ್ಕ್ರೀನ್‌ಶಾಟ್ ತೆಗೆದು ಬೇರೆ ಗುಂಪಿಗೆ ಹಾಕಿ ನಗುವುದೂ ಗೀಬತ್ ಅಲ್ಲವೇ?

ಏನು ಮಾಡಬಹುದು?

ಸಂಶಯ ಬಂದರೆ ಆರೋಪ ಮಾಡುವ ಬದಲು ಪ್ರಶ್ನೆ ಕೇಳಿ. ತಪ್ಪು ತೋರಿಸಬೇಕಾದರೆ ಗುಂಪಿನಲ್ಲಿ ಬೇಡ. ವಾಟ್ಸಾಪ್‌ನಲ್ಲಿ ಅವರಿಗೆ ಮಾತ್ರ ಉತ್ತರಿಸುವ ಸೌಲಭ್ಯ ಇದೆ. ಹೊಸಬರು ಫೋಟೊ ಹಾಕಿದಾಗ ಅವರು ಸಲಹೆ ಕೇಳಿದ್ದಾರೆಯೇ ಎಂದು ನೋಡಿ. ಕೇಳಿಲ್ಲದಿದ್ದರೆ ಚೆನ್ನಾಗಿರುವುದನ್ನು ಹೇಳಿ ಸುಮ್ಮನಿರಿ. ಸಿಟ್ಟಿನಲ್ಲಿ ಬರೆದ ಉತ್ತರವನ್ನು ಕಳಿಸುವ ಮುಂಚೆ ಒಂದು ಸಾಲು ಹೆಣೆದು ನಂತರ ಮತ್ತೆ ಓದಿ. ಕ್ಷಮೆ ಕೇಳುವುದಾದರೆ ಕ್ಷಮೆ ಮಾತ್ರ ಕೇಳಿ, ‘ಆದರೆ’ ಸೇರಿಸಬೇಡಿ. ಅಡ್ಮಿನ್ ಆಗಿರುವವರು ಮಾರಾಟ, ಬೆಲೆ, ಪ್ಯಾಟರ್ನ್ ಹಂಚಿಕೆ ಕುರಿತ ನಿಯಮಗಳನ್ನು ಮೊದಲೇ ಬರೆದಿಟ್ಟರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಹಾಗೆಂದು ಎಲ್ಲಕ್ಕೂ ಸುಮ್ಮನಿರಬೇಕು ಎಂದು ಅರ್ಥವಲ್ಲ. ಯಾರಾದರೂ ಮುಂಗಡ ಹಣ ಪಡೆದು ಮೋಸ ಮಾಡಿದರೆ ಸಾಕ್ಷಿ ಸಮೇತ ಅಡ್ಮಿನ್‌ಗೆ ತಿಳಿಸಬೇಕು, ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಯಾರಾದರೂ ಹುಡುಗಿಯರಿಗೆ ಕೆಟ್ಟದಾಗಿ ಮೆಸೇಜ್ ಮಾಡಿದರೆ ಮನೆಯವರಿಗೆ, ಉಪನ್ಯಾಸಕರಿಗೆ ಹೇಳಲೇಬೇಕು. ಅದು ಜಗಳವಲ್ಲ, ನಮ್ಮ ಹಕ್ಕು. ಅಂಥ ಸಮಯದಲ್ಲಿ ನಮ್ಮ ಮಾತಿಗೆ ಬೆಲೆ ಇರಬೇಕಾದರೆ ನವಿಲಿನ ಬಣ್ಣಕ್ಕೆ, ಬ್ಯಾಗಿನ ಬೆಲೆಗೆ ಜಗಳವಾಡಿ ಅದನ್ನು ಮೊದಲೇ ಖರ್ಚು ಮಾಡಿರಬಾರದು.