ಪ್ರತಿಕಾಯ ಖರೀದಿ: ಬೆಲೆಪಟ್ಟಿಗಿಂತ ಪುರಾವೆ ಮುಖ್ಯ

ಕೊಂಡ ಸರಕು ಕಳಪೆಯಾದರೆ ನಷ್ಟವು ಅದರ ಬೆಲೆಯಷ್ಟೇ ಎಂದು ಭಾವಿಸುವುದು ರೂಢಿ. ರಕ್ತದ ಪ್ರೋಟೀನುಗಳನ್ನು ಗುರುತಿಸಲು ಸಂಶೋಧನಾ ಪ್ರಯೋಗಾಲಯಗಳು ಬಳಸುವ ಪ್ರತಿಕಾಯ, ಅಂದರೆ ಆಂಟಿಬಾಡಿಗಳ ವಿಷಯದಲ್ಲಿ ಈ ಲೆಕ್ಕ ಹೊಂದುವುದಿಲ್ಲ. ಪುಟ್ಟ ಶೀಸೆಯಲ್ಲಿ ಬರುವ ಪ್ರತಿಕಾಯವು ತಪ್ಪು ಪ್ರೋಟೀನಿಗೆ ಅಂಟಿಕೊಂಡರೆ ರಕ್ತದ ಮಾದರಿ, ಸಿಬ್ಬಂದಿಯ ವೇತನ, ತಿಂಗಳುಗಳ ಶ್ರಮ ಎಲ್ಲವೂ ವ್ಯರ್ಥ. ಕಳಪೆ ಪ್ರತಿಕಾಯಗಳಿಂದ ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 80 ಕೋಟಿ ಡಾಲರ್ ಪೋಲಾಗುತ್ತಿದೆ ಎಂದು ‘ನೇಚರ್’ ಪತ್ರಿಕೆಯಲ್ಲಿ 2015ರಲ್ಲಿ ಪ್ರಕಟವಾದ ಲೇಖನವೊಂದು ಅಂದಾಜಿಸಿತ್ತು.

ಸಾವಿರ ಕೋಟಿ ಪಟ್ಟು ಅಂತರ

ರಕ್ತವು ಕಠಿಣ ಪರೀಕ್ಷಾಕಣ. ಒಂದು ಲೀಟರ್ ರಕ್ತದ್ರವದಲ್ಲಿ ಆಲ್ಬುಮಿನ್ ಸುಮಾರು 35ರಿಂದ 50 ಗ್ರಾಂ ಇರುತ್ತದೆ. ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನಾದರೋ ಆರೋಗ್ಯವಂತರಲ್ಲಿ ಒಂದು ಮಿಲಿಲೀಟರಿಗೆ ಕೆಲವೇ ಪಿಕೋಗ್ರಾಂ. ಇವೆರಡರ ನಡುವಣ ಅಂತರ ಸುಮಾರು ಸಾವಿರ ಕೋಟಿ ಪಟ್ಟು. ಪ್ರತಿಕಾಯಕ್ಕೆ ಆಲ್ಬುಮಿನ್ ಕಡೆಗೆ ಅತ್ಯಲ್ಪ ಒಲವಿದ್ದರೂ ನಿಜವಾದ ಸಂಕೇತವು ಮುಚ್ಚಿಹೋಗಬಹುದು.

ಎರಿತ್ರೋಪೊಯಿಟಿನ್ ಗ್ರಾಹಕದ ಪ್ರಕರಣ ಇಲ್ಲಿ ಸ್ಮರಣೀಯ. ರಕ್ತಹೀನತೆಯ ಚಿಕಿತ್ಸೆಯಲ್ಲಿ ಬಳಸುವ ಈ ಹಾರ್ಮೋನಿಗೆ ಸ್ಪಂದಿಸುವ ಗ್ರಾಹಕ ಪ್ರೋಟೀನು ಕ್ಯಾನ್ಸರ್ ಗೆಡ್ಡೆಗಳಲ್ಲಿಯೂ ಇದೆಯೆಂದು ಹಲವು ವರದಿಗಳು ಹೇಳಿದ್ದವು. ಅದಕ್ಕೆ ಬಹುವಾಗಿ ಬಳಕೆಯಾದ ಪ್ರತಿಕಾಯವೊಂದು ಸಂಬಂಧವೇ ಇಲ್ಲದ ಶಾಖಾಘಾತ ಪ್ರೋಟೀನನ್ನೂ ಹಿಡಿಯುತ್ತಿತ್ತೆಂದು 2006ರಲ್ಲಿ ತೋರಿಸಲಾಯಿತು.

ಖರೀದಿಗೆ ಮುನ್ನ

ಮೊದಲನೆಯದಾಗಿ, ಬಳಕೆಯ ವಿಧಾನ ನಿಶ್ಚಯವಾಗಬೇಕು. ವೆಸ್ಟರ್ನ್ ಬ್ಲಾಟ್‌ನಲ್ಲಿ ಪ್ರೋಟೀನು ಸಾಮಾನ್ಯವಾಗಿ ತನ್ನ ಸಹಜ ಮಡಿಕೆಯನ್ನು ಕಳೆದುಕೊಂಡಿರುತ್ತದೆ. ಅಲ್ಲಿ ಗೆದ್ದ ಪ್ರತಿಕಾಯವು ಎಲೈಸಾದಲ್ಲಿ ಸೋಲಬಹುದು. ಸ್ಯಾಂಡ್‌ವಿಚ್ ಎಲೈಸಾಕ್ಕೆ ಒಂದೇ ಪ್ರೋಟೀನಿನ ಬೇರೆ ಬೇರೆ ಭಾಗಗಳನ್ನು ಹಿಡಿಯುವ, ಪರಸ್ಪರ ಹೊಂದುವ ಜೋಡಿ ಬೇಕು.

ಎರಡನೆಯದಾಗಿ, ಮಾದರಿ ಯಾವುದು? ಸೀರಮ್‌ನಲ್ಲಿ ಫೈಬ್ರಿನೋಜನ್ ಹೆಪ್ಪುಗಟ್ಟುವಿಕೆಯಲ್ಲಿ ಬಳಕೆಯಾಗಿ ಹೋಗಿರುತ್ತದೆ. ಅದನ್ನು ಅಳೆಯಲು ಪ್ಲಾಸ್ಮಾ ಅವಶ್ಯ.

ಮೂರನೆಯದಾಗಿ, ತಯಾರಿಕೆಯ ಬಗೆ. ಪ್ರಾಣಿಯ ರಕ್ತದಿಂದ ಪಡೆಯುವ ಪಾಲಿಕ್ಲೋನಲ್ ಪ್ರತಿಕಾಯವು ತಂಡದಿಂದ ತಂಡಕ್ಕೆ ಬದಲಾಗುತ್ತದೆ. ಕೋಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಪ್ರಕಟಿಸಿದ ವಿಧಾನದ ಮಾನೊಕ್ಲೋನಲ್ ಹೆಚ್ಚು ಏಕರೂಪದ್ದು. ವಂಶವಾಹಿ ಅನುಕ್ರಮ ತಿಳಿದು ತಯಾರಿಸುವ ರೀಕಾಂಬಿನಂಟ್ ಪ್ರತಿಕಾಯವನ್ನು ಬೇಕೆಂದಾಗ ಯಥಾವತ್ತಾಗಿ ಪುನಃ ತಯಾರಿಸಬಹುದು.

ನಾಲ್ಕನೆಯದಾಗಿ, ಪುರಾವೆ. ಆ ಪ್ರೋಟೀನನ್ನು ಉತ್ಪಾದಿಸುವ ವಂಶವಾಹಿಯನ್ನು ತೆಗೆದುಹಾಕಿದ ಜೀವಕೋಶಗಳಲ್ಲಿ ಸಂಕೇತವು ಮಾಯವಾಗುವುದೇ ಪ್ರಬಲ ಸಾಕ್ಷ್ಯ. 65 ಪ್ರೋಟೀನುಗಳಿಗೆ ಮಾರಾಟದಲ್ಲಿದ್ದ 614 ಪ್ರತಿಕಾಯಗಳನ್ನು ಹೀಗೆ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೀಕಾಂಬಿನಂಟ್ ಪ್ರತಿಕಾಯಗಳೇ ಮುಂದಿದ್ದವು. ಫಲಿತಾಂಶ ಕಂಡ ತಯಾರಕರು ವಿಫಲವಾದ ಹಲವು ಸರಕುಗಳನ್ನು ಮಾರುಕಟ್ಟೆಯಿಂದ ಹಿಂಪಡೆದರು. ಇನ್ನು ಕೆಲವುಗಳ ಶಿಫಾರಸನ್ನು ಬದಲಿಸಿದರು.

ವಿತರಕರ ಹೊಣೆ

ಈ ಸರಕನ್ನು ಪೂರೈಸುವ ವರ್ತಕರು ಪ್ರತಿ ಬಿಲ್ಲಿನಲ್ಲಿ ಕ್ಯಾಟಲಾಗ್ ಸಂಖ್ಯೆಯೊಂದಿಗೆ ತಂಡದ ಸಂಖ್ಯೆಯನ್ನೂ ನಮೂದಿಸುವುದು, ಶೀತಲ ಸಾಗಣೆಯ ದಾಖಲೆ ಇಡುವುದು, ಪರೀಕ್ಷಾ ವರದಿ ಒದಗಿಸುವುದು ಹಿತ. ‘ಸಂಶೋಧನೆಗೆ ಮಾತ್ರ’ ಎಂಬ ಚೀಟಿಯುಳ್ಳ ಸರಕನ್ನು ರೋಗನಿದಾನಕ್ಕೆಂದು ಮಾರಬಾರದು. ಕೊಳ್ಳುವವರು ಮೊದಲು ಸಣ್ಣ ಪ್ರಮಾಣ ತರಿಸಿ, ತಮ್ಮದೇ ಮಾದರಿಯಲ್ಲಿ ಪರೀಕ್ಷಿಸಿ, ಸರಿಯೆನಿಸಿದ ಮೇಲೆ ಅದೇ ತಂಡದ ಸರಕನ್ನು ಇಡೀ ಅಧ್ಯಯನಕ್ಕೆ ಕಾದಿರಿಸಿಕೊಳ್ಳುವುದು ಲೇಸು. ವೋಚರ್ ಇಲ್ಲದ ಖರ್ಚನ್ನು ಲೆಕ್ಕಪುಸ್ತಕ ಒಪ್ಪದು; ಪುರಾವೆಯಿಲ್ಲದ ಪ್ರತಿಕಾಯವನ್ನು ಪ್ರಯೋಗಾಲಯವೂ ಒಪ್ಪಬಾರದು.