ಕತ್ತರಿ ಇದೆ, ಕತ್ತರಿಸಲ್ಲ

ಕೊಯ್ಲು ಮುಗಿದ ಮೇಲೆ ಮೂಡಿಗೆರೆ ಕಡೆ ತೋಟಗಳಲ್ಲಿ ಗಿಡಕಸಿ ಶುರುವಾಗುತ್ತೆ. ರಜೆಗೆ ಊರಿಗೆ ಹೋದಾಗ ನಾವೂ ಕತ್ತರಿ ಹಿಡಿದವರೇ. ಹಿಡಿ, ಸ್ಪ್ರಿಂಗ್ ಎಲ್ಲ ಸರಿ, ರೆಂಬೆಯನ್ನು ಗಟ್ಟಿಯಾಗಿ ಕಚ್ಚುತ್ತೆ, ಆದರೆ ಅಲಗು ಮೊಂಡಾಗಿದ್ದರೆ ಏನು ಒತ್ತಿದರೂ ತುಂಡಾಗಲ್ಲ. ಅಂಥ ಕತ್ತರಿಗಳು ಆ ಗಿಡದ ಜೀವಕೋಶದ ಒಳಗೂ ಇವೆ.

2014ರಲ್ಲಿ ರೋಬಸ್ಟಾದ ಜೀನೋಮ್ ಪ್ರಕಟವಾದಾಗ ಅದರಲ್ಲಿ ಸುಮಾರು ಅರ್ಧದಷ್ಟು, ಜಾಗ ಬದಲಿಸುವ ಡಿಎನ್‌ಎ ತುಣುಕುಗಳು ಇಲ್ಲವೇ ಅವುಗಳ ಪಳೆಯುಳಿಕೆ ಅಂತ ಗೊತ್ತಾಯಿತು. (ಅರೇಬಿಕಾದ ಪೂರ್ವಜರಲ್ಲಿ ರೋಬಸ್ಟಾವೂ ಒಂದು. ಎಸ್.795 ಬೆಳೆಯೋರು ನಗಬೇಕಿಲ್ಲ.) ಕೆಲವು ತುಣುಕುಗಳು ಇದ್ದಲ್ಲಿಂದ ಕಿತ್ತುಕೊಂಡು ಬೇರೆಡೆ ಸೇರುತ್ತವೆ, ಆ ಕೆಲಸದ ಕಿಣ್ವ ಟ್ರಾನ್ಸ್‌ಪೊಸೇಸ್. ಕಾಫಿಯಲ್ಲಿ ಹೆಚ್ಚಿನವು ನಕಲು ಮಾಡಿಕೊಂಡು ಹೊಸ ಜಾಗಕ್ಕೆ ಅಂಟಿಕೊಳ್ಳುವಂಥವು, ಅಂಟಿಸೋದು ಇಂಟಿಗ್ರೇಸ್. ಇಂಥ ಬಹಳಷ್ಟು ಕಿಣ್ವಗಳಲ್ಲಿ ಅಲಗು ಒಂದೇ ಮಾದರಿ: ಎರಡು ಆಸ್ಪಾರ್ಟೇಟ್, ಒಂದು ಗ್ಲುಟಮೇಟ್. ಸರಪಳಿಯಲ್ಲಿ ದೂರ ದೂರ ಇದ್ದರೂ ಪ್ರೋಟೀನ್ ಮಡಚಿಕೊಂಡಾಗ ಮೂರೂ ಒಂದೆಡೆ ಸೇರುತ್ತವೆ. ಇದೇ ಆಕ್ಟಿವ್ ಸೈಟ್. ಮೂರರ ಋಣ ಆವೇಶ ಎರಡು ಮೆಗ್ನೀಸಿಯಮ್ ಅಯಾನುಗಳನ್ನು ಹಿಡಿದಿಡುತ್ತೆ, ಡಿಎನ್‌ಎಯ ಫಾಸ್ಫೇಟ್ ಬಂಧ ಮುರಿಯೋದು ಆ ಅಯಾನುಗಳ ನೆರವಿನಿಂದ.

ಇಲ್ಲಿ ಒಂದು ಆಸ್ಪಾರ್ಟೇಟ್ ಹೋಗಿ ಆಸ್ಪಾರಜೀನ್ ಬಂತು ಅನ್ಕೊಳ್ಳಿ. ಗಾತ್ರ ಹೆಚ್ಚುಕಡಿಮೆ ಅಷ್ಟೇ, ಆವೇಶ ಮಾತ್ರ ಮಾಯ. ಮ್ಯೂ ಅನ್ನೋ ಬ್ಯಾಕ್ಟೀರಿಯಾ ವೈರಸ್‌ನಲ್ಲಿ ಟ್ರಾನ್ಸ್‌ಪೊಸೇಸ್‌ನ ನಾಲ್ಕು ಪ್ರತಿಗಳು ಸೇರಿ ಯಂತ್ರವಾಗುತ್ತವೆ. ಇಂಥ ಮ್ಯುಟೇಶನ್ ಆದರೂ ಅವು ಡಿಎನ್‌ಎಯ ತುದಿ ಗುರುತಿಸುತ್ತವೆ, ಹಿಡಿಯುತ್ತವೆ, ಯಂತ್ರವೂ ಕಟ್ಟಿಕೊಳ್ಳುತ್ತೆ. ಕತ್ತರಿಸೋದು ಮಾತ್ರ ಇಲ್ಲ.

ಲೋಹ ಹಿಡಿಯೋದು ಇವೇ ಅಂತ ಗ್ಯಾರಂಟಿ ಏನು? ನಮಗೆ ತುಂಬಾ ಇಷ್ಟವಾದ ಪ್ರಯೋಗ ಇದೇ. ಪ್ರತಿಕಾಯಗಳ ವೈವಿಧ್ಯಕ್ಕಾಗಿ ನಮ್ಮದೇ ಡಿಎನ್‌ಎ ಕತ್ತರಿಸುವ ರ‍್ಯಾಗ್1 ಪ್ರೋಟೀನಿನಲ್ಲೂ ಇದೇ ಅಲಗಿದೆ. ಅಲ್ಲಿ ಆಸ್ಪಾರ್ಟೇಟ್ ತೆಗೆದು ಗಂಧಕ ಇರುವ ಸಿಸ್ಟೀನ್ ಹಾಕಿದರು. ಮೆಗ್ನೀಸಿಯಮ್ ಇದ್ದಾಗ ಕೆಲಸ ನಿಂತಿತು. ಗಂಧಕಕ್ಕೆ ಚೆನ್ನಾಗಿ ಒಗ್ಗುವ ಮ್ಯಾಂಗನೀಸ್ ಕೊಟ್ಟರೆ ಮತ್ತೆ ಕತ್ತರಿಸತೊಡಗಿತು!

ಎಚ್‌ಐವಿ ನಮ್ಮ ಕ್ರೋಮೋಸೋಮಿಗೆ ಸೇರಿಕೊಳ್ಳೋದೂ ಇಂಟಿಗ್ರೇಸ್‌ನಿಂದಲೇ; ಅಲ್ಲಿ ಆ ಮೂರು ಇರೋದು 64, 116, 152ನೇ ಜಾಗಗಳಲ್ಲಿ. ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಕೊಡುವ ಮಾತ್ರೆಯಲ್ಲಿರುವ ಡೊಲುಟೆಗ್ರಾವಿರ್ ನೇರವಾಗಿ ಆ ಎರಡು ಮೆಗ್ನೀಸಿಯಮ್‌ಗೆ ಅಂಟಿಕೊಂಡು ಅಲಗನ್ನು ಮುಚ್ಚಿಬಿಡುತ್ತೆ. ಔಷಧಿಯಿಂದ ತಪ್ಪಿಸಿಕೊಳ್ಳಲು ವೈರಸ್ ಆ ಮೂರನ್ನು ಬದಲಿಸೋ ಹಾಗಿಲ್ಲ, ಬದಲಿಸಿದರೆ ತನ್ನ ಕತ್ತರಿಯೇ ಮೊಂಡು. ಅದಕ್ಕೇ ಅದು 148, 263ರಂಥ ಬೇರೆ ಜಾಗಗಳಲ್ಲಿ ಬದಲಾವಣೆ ಮಾಡಿಕೊಳ್ಳುತ್ತೆ. ಅಲ್ಲೂ ಬಿಟ್ಟಿ ಏನಿಲ್ಲ: 263ನ್ನು ಬದಲಿಸಿಕೊಂಡ ವೈರಸ್‌ನ ಇಂಟಿಗ್ರೇಸ್ ಮೊದಲಿನಷ್ಟು ಚುರುಕಾಗಿ ಅಂಟಿಸಲ್ಲ.