ಕೊನೆಯ ಸಾಲಿಗೆ ಮೈಕು ಎಲ್ಲಿದೆ?

ತಾಂಡೂರಿನ ಕೃಷಿ ಮಾರುಕಟ್ಟೆಗೆ ತೊಗರಿ ಸುಗ್ಗಿಯಲ್ಲಿ ಹೋದರೆ ಮೊದಲು ಕಣ್ಣಿಗೆ ಬೀಳುವುದು ರಾಶಿ, ಆಮೇಲೆ ಮನುಷ್ಯರು. ದಿನಕ್ಕೆ ಲಕ್ಷಗಟ್ಟಲೆ ರೂಪಾಯಿ ಕೈ ಬದಲಾಗುವ ಜಾಗ. ಆದರೆ ಕೂಡಲು ಒಂದು ಕುರ್ಚಿ ಇಲ್ಲ, ಬೇಕೆಂದು ಕೇಳುವವರೂ ಇಲ್ಲ. ರೈತ ಗೇಟಿನಲ್ಲಿ ಚೀಟಿ ಬರೆಸುತ್ತಾನೆ, ಅಡತಿಯವನ ಅಂಗಡಿ ಮುಂದೆ ಚೀಲ ಬಿಚ್ಚಿ ರಾಶಿ ಸುರಿಯುತ್ತಾನೆ, ಅದರ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂಡುತ್ತಾನೆ. ರಾಶಿ ಇದ್ದಲ್ಲಿ ಅವನ ಆಸನ. ಖರೀದಿದಾರರು ಗುಂಪಾಗಿ ಒಂದು ತುದಿಯಿಂದ ಹೊರಟು ರಾಶಿಯಿಂದ ರಾಶಿಗೆ ಸರಿಯುತ್ತಾರೆ. ಒಬ್ಬ ಮೊಣಕೈವರೆಗೂ ಕೈ ತೂರಿಸಿ ತಳದ ಕಾಳು ಎತ್ತುತ್ತಾನೆ, ಅಂಗೈ ಮೇಲೆ ಹರವಿ ಊದುತ್ತಾನೆ, ಒಂದು ಕಾಳು ಹಲ್ಲಿಗೆ ಕೊಟ್ಟು ಕಡಿದು ನೋಡುತ್ತಾನೆ. ಕಟಕ್ ಎಂದರೆ ಒಣಗಿದೆ, ಮೆತ್ತಗೆ ಚಪ್ಪಟೆಯಾದರೆ ಹಸಿ ಇದೆ. ದರ ಕೂಗುವ ಹೊತ್ತಿಗೆ ಗುಂಪಿನ ಮುಂದಿನ ತುದಿ ಆಗಲೇ ಮುಂದಿನ ರಾಶಿಯಲ್ಲಿರುತ್ತದೆ.

ಇದಕ್ಕಿಂತ ಚೆಂದವಾಗಿ ಹರಿಯುವ ವ್ಯಾಪಾರಿ ಸಭೆಯನ್ನು ನಾನು ನೋಡಿಲ್ಲ. ಗುಟ್ಟು ಇಷ್ಟೇ: ಇಲ್ಲಿ ಮಾಲು ನಿಂತಿದೆ, ಕೊಳ್ಳುವವನು ನಡೆಯುತ್ತಾನೆ. ಯಾರೂ ಯಾರ ಬೆನ್ನಿಗೂ ಮುಖ ಮಾಡಿ ನಿಂತಿಲ್ಲ. 2016ರ ಏಪ್ರಿಲ್ 14ರಂದು ಆನ್‌ಲೈನ್ ಹರಾಜಿನ ಇ-ನಾಮ್ ವ್ಯವಸ್ಥೆ ಬಂದ ಮೇಲೆ ದೇಶದ ಮಾರುಕಟ್ಟೆಗಳಲ್ಲಿ ಬಿಡ್ಡು ಮೊಬೈಲಿಗೆ ಹೋಯಿತು, ಇನ್ನು ಈ ನಡಿಗೆ ನಿಂತೀತು ಎಂದು ಹಲವರು ಅಂದುಕೊಂಡಿದ್ದರು. ನಿಲ್ಲಲಿಲ್ಲ. ಕಾಳು ಕಡಿದು ನೋಡುವುದು ಮೊಬೈಲಿನಿಂದ ಆಗುವ ಕೆಲಸವಲ್ಲ.

ಸಿಕ್ಕು ಬೀಳುವುದು ಹರಾಜು ಮುಗಿದ ಮೇಲೆ. ತೂಕ, ಚೀಲ ಹೊಲಿಗೆ, ಲಾರಿಗೆ ಏರಿಸುವುದು, ಎಲ್ಲಕ್ಕೂ ಅದೇ ಹಾದಿ. ತುಂಬಿದ ಲಾರಿ ಹೊರಗೆ ಬರಬೇಕು, ತಡವಾಗಿ ಬಂದ ಟ್ರ್ಯಾಕ್ಟರ್ ಒಳಗೆ ಹೋಗಬೇಕು, ನಡುವೆ ಚೆಲ್ಲಿದ ಕಾಳು ಗುಡಿಸಿಕೊಳ್ಳುವ ಹೆಣ್ಣುಮಕ್ಕಳು. ಬೆಳಗಿನ ಶಿಸ್ತು ಮಧ್ಯಾಹ್ನಕ್ಕೆ ಮಾಯ. ಒಳಬರುವ ದಾರಿ, ಹೊರಹೋಗುವ ದಾರಿ ಬೇರೆ ಇರಲಿ ಎಂಬ ಮಾತು ಯಾವ ಮಾರುಕಟ್ಟೆಯಲ್ಲಿ ಕೇಳಿದರೂ ಹಮಾಲರೇ ಮೊದಲು ಆಡುತ್ತಾರೆ. ಬೆನ್ನ ಮೇಲೆ ಚೀಲ ಹೊತ್ತು ನಿಂತವನಿಗೆ ಕಾಯುವುದರ ಬೆಲೆ ಗೊತ್ತು.

ತಾಂಡೂರು, ಜಹೀರಾಬಾದ್, ನಾರಾಯಣಖೇಡ. ತೆಲಂಗಾಣದ ಈ ಮೂರು ಊರುಗಳು ಕನ್ನಡಿಗರಿಗೆ ಪರಊರುಗಳಲ್ಲ. 1956ರ ನವೆಂಬರ್ 1ರಂದು ಗೆರೆ ಎಳೆಯುವವರೆಗೂ ಹೈದರಾಬಾದ್ ರಾಜ್ಯದಲ್ಲಿ ತಾಂಡೂರು ಗುಲ್ಬರ್ಗ ಜಿಲ್ಲೆಯ ತಾಲ್ಲೂಕು. ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯವು. ಈಗ ಮೊದಲನೆಯದು ವಿಕಾರಾಬಾದ್ ಜಿಲ್ಲೆಯಲ್ಲಿ, ಉಳಿದೆರಡು ಸಂಗಾರೆಡ್ಡಿಯಲ್ಲಿ. ಸೇಡಂ, ಚಿಂಚೋಳಿ, ಬೀದರ ಕಡೆಯಿಂದ ಮಾಲೂ ಮಂದಿಯೂ ಇತ್ತ ಬರುತ್ತವೆ, ಹೋಗುತ್ತವೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕರೆ, ತಾಂಡೂರು ತೊಗರಿಗೆ 2022ರ ಡಿಸೆಂಬರಿನಲ್ಲಿ ಸಿಕ್ಕಿತು. ಒಂದೇ ಸುಣ್ಣಕಲ್ಲಿನ ಸೀಮೆ, ಎರಡು ಪ್ರಮಾಣಪತ್ರ.

ತಾಂಡೂರು ತೊಗರಿಗೆ ಆ ಮಾನ್ಯತೆ ಬೇಕೆಂದು ಅರ್ಜಿ ಹಾಕಿದ್ದು ಪಕ್ಕದ ಯಾಲಾಲದ ರೈತ ಉತ್ಪಾದಕರ ಕಂಪನಿ. ಕಂಪನಿ ಎಂದಮೇಲೆ ವಾರ್ಷಿಕ ಸಭೆ ಇರಲೇಬೇಕು. ರಾಶಿ ಪಕ್ಕ ಕುಕ್ಕುರುಗಾಲಲ್ಲಿ ಕೂಡುವ ರೈತ ಕುರ್ಚಿಗೆ ಬರುವುದು ಈ ಘಟ್ಟದಲ್ಲಿ. ಕಾನೂನಿನ ಲೆಕ್ಕ ನೋಡಿ. ಷೇರು ಮಾರುಕಟ್ಟೆಯಲ್ಲಿರುವ ದೊಡ್ಡ ಕಂಪನಿಗೆ ಲಕ್ಷಾಂತರ ಷೇರುದಾರರಿರಬಹುದು. ಐದು ಸಾವಿರ ಸದಸ್ಯರನ್ನು ದಾಟಿದರೆ ವಾರ್ಷಿಕ ಸಭೆಯ ಕೋರಂ ಬರೀ 30 ಮಂದಿ. ರೈತ ಉತ್ಪಾದಕರ ಕಂಪನಿಗೆ ಮಾತ್ರ ಒಟ್ಟು ಸದಸ್ಯರಲ್ಲಿ ನಾಲ್ಕನೇ ಒಂದು ಭಾಗ ಎದುರಿಗೆ ಇರಬೇಕು. ಸಾವಿರ ಸದಸ್ಯರಿದ್ದರೆ 250 ಜನ. ಎಷ್ಟು ಷೇರಿದ್ದರೂ ಒಬ್ಬರಿಗೆ ಒಂದೇ ಮತ. ಮುಂಬೈಯ ಕಂಪನಿ ಒಂದು ಕೋಣೆಯಲ್ಲಿ ಮುಗಿಸುವ ಕೆಲಸಕ್ಕೆ ಯಾಲಾಲದವರು ಶಾಮಿಯಾನ ಹಾಕಿಸಬೇಕು, ಅಡುಗೆಯವರನ್ನು ಕರೆಯಬೇಕು, ಬಸ್ಸಿನ ವೇಳೆ ನೋಡಬೇಕು.

ಕಾನೂನು ಮಾಡಿದವರ ಉದ್ದೇಶ ಒಳ್ಳೆಯದೇ. ನಡೆಸುವವರ ಪಾಡು ಬೇರೆ. ಇಂಥ ಸಭೆಗಳಲ್ಲಿ ಎಲ್ಲೆಡೆ ಒಂದೇ ದೃಶ್ಯ: ಬಾಗಿಲಲ್ಲಿ ಒಂದು ಮೇಜು, ಒಂದು ಹಾಜರಿ ಪುಸ್ತಕ, ಒಂದು ಪೆನ್ನು, ಹಿಂದೆ ಇನ್ನೂರು ಜನರ ಸಾಲು. ಸಹಿಗೆ ಒಬ್ಬೊಬ್ಬರು ಅರ್ಧ ನಿಮಿಷ ತೆಗೆದುಕೊಂಡರೂ ಒಂದೂವರೆ ತಾಸಿಗೂ ಹೆಚ್ಚು. ಕೆಲವರ ಹೆಬ್ಬೆಟ್ಟು ಬೇರೆ. ಸಾಲಿನ ತುದಿಯವನು ಒಳಗೆ ಬರುವ ಹೊತ್ತಿಗೆ ವರದಿ ಓದಿ ಆಗಿರುತ್ತದೆ, ಮೊದಲು ಸಹಿ ಮಾಡಿದವನು ಊಟದ ಕಡೆ ಹೊರಟಿರುತ್ತಾನೆ. ಪುಸ್ತಕದಲ್ಲಿ ಕೋರಂ ಇದೆ, ಚಪ್ಪರದಲ್ಲಿ ಇಲ್ಲ. ಮದ್ದು ಅಗ್ಗದ್ದು: ಹಳ್ಳಿಗೊಂದು ಪುಸ್ತಕ, ಹಳ್ಳಿಗೊಂದು ಮೇಜು. ಪುಸ್ತಕದ ಹಿಂದೆ ಅದೇ ಊರಿನವರು ಕೂತರೆ ಹೆಸರು ಹುಡುಕುವ ಗೋಜೂ ಇಲ್ಲ. ಲೆಕ್ಕಪತ್ರ, ಲಾಭ ಹಂಚಿಕೆ ಊಟಕ್ಕೆ ಮೊದಲು. ಸನ್ಮಾನ, ಶಾಲು, ಹಾರ ಊಟದ ನಂತರ. ಈ ಎರಡನೆಯದನ್ನು ಒಪ್ಪಿಸುವುದು ಮಾತ್ರ ಕಷ್ಟ. ಶಾಲು ಹೊದೆಸಿಕೊಳ್ಳುವವರು ಖಾಲಿ ಕುರ್ಚಿಗಳ ಮುಂದೆ ಹೊದೆಸಿಕೊಳ್ಳಲು ಒಪ್ಪುವುದಿಲ್ಲ.

ಜಹೀರಾಬಾದಿಗೆ ಬಂದರೆ ಸಭೆಯ ಸ್ವರೂಪವೇ ಬೇರೆ. ಪುಣೆ–ಮಚಲಿಪಟ್ಟಣಂ ಹೆದ್ದಾರಿಯ ಮೇಲಿನ ಊರು. ಮಹೀಂದ್ರ ಟ್ರ್ಯಾಕ್ಟರ್ ಕಾರ್ಖಾನೆ ಇದೆ, ಕಬ್ಬಿದೆ, ಶುಂಠಿಯಿದೆ, ಆಲೂಗಡ್ಡೆಯಿದೆ. ಬೀಜ, ಗೊಬ್ಬರ, ಪೈಪು, ಸಿಮೆಂಟು ಮಾರುವವರ ಡೀಲರ್ ಮೀಟಿಂಗು ಇಂಥ ಊರುಗಳಲ್ಲಿ ನಡೆಯುವುದು ಫಂಕ್ಷನ್ ಹಾಲಿನಲ್ಲಿ. ಮದುವೆಗೆಂದು ಕಟ್ಟಿದ ಜಾಗ ಅದು. ವಧೂವರರು ಎತ್ತರದಲ್ಲಿ ಕಾಣಬೇಕು, ಉಳಿದವರು ನೋಡಿ, ಅಕ್ಷತೆ ಹಾಕಿ, ಉಂಡು ಹೋಗಬೇಕು. ಅದೇ ವೇದಿಕೆಯ ಮೇಲೆ ಕಂಪನಿಯ ಮ್ಯಾನೇಜರನ್ನು ಕೂಡಿಸಿದರೆ ಅವನೂ ಮದುಮಗನೇ. ಎದುರಿಗೆ ಮೊದಲ ಸಾಲಿನಲ್ಲಿ ಸೋಫಾ, ಎರಡನೆಯದರಲ್ಲಿ ಬಿಳಿ ಬಟ್ಟೆ ಹೊದಿಸಿದ ಕುರ್ಚಿ, ಅದರ ಹಿಂದೆ ಬರೀ ಪ್ಲಾಸ್ಟಿಕ್. ಸೋಫಾ ಕೊನೆ ಗಳಿಗೆಯವರೆಗೂ ಖಾಲಿ, ಯಾರೋ ದೊಡ್ಡವರು ಬರಬೇಕಲ್ಲ. ಸಣ್ಣ ಅಂಗಡಿಯವನು ತಾನಾಗಿಯೇ ಹಿಂದೆ ಹೋಗಿ ಕೂಡುತ್ತಾನೆ. ಮಾಲು ಸರಿಯಾಗಿ ಬರುತ್ತಿಲ್ಲ ಎಂದು ಹೇಳಬೇಕಾದವನು ಅವನೇ, ಮೈಕು ಸಿಗದವನೂ ಅವನೇ.

ನಾನು ಹೊಕ್ಕ ಒಂದು ಹಾಲಿನಲ್ಲಿ ಎರಡು ಬಾಗಿಲು. ಒಂದರಲ್ಲಿ ಎಲ್ಲರೂ ಬರುತ್ತಿದ್ದರು, ಹೋಗುತ್ತಿದ್ದರು, ಚಹದ ತಟ್ಟೆಯೂ ಅಲ್ಲಿಂದಲೇ. ಇನ್ನೊಂದಕ್ಕೆ ಅಡ್ಡವಾಗಿ ಮೇಲಿಂದ ಮೇಲೆ ಪೇರಿಸಿದ ಕುರ್ಚಿಗಳ ಗೋಪುರ. ರಾಷ್ಟ್ರೀಯ ಕಟ್ಟಡ ಸಂಹಿತೆ ಸಭಾಂಗಣದ ನಿರ್ಗಮನ ಬಾಗಿಲು ಕನಿಷ್ಠ 2 ಮೀಟರ್ ಅಗಲ ಇರಬೇಕೆನ್ನುತ್ತದೆ. ಜನ ಹೊರಹೋಗುವ ದಿಕ್ಕಿಗೇ ತೆರೆಯಬೇಕು. ಬಾಗಿಲು ಇದ್ದೂ ಮುಚ್ಚಿದ್ದರೆ ಸಂಹಿತೆ ಏನು ಮಾಡೀತು? ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2025ರ ಜೂನ್ 4ರಂದು ಕಾಲ್ತುಳಿತದಲ್ಲಿ 11 ಜನ ಸತ್ತದ್ದು ಒಳಗೆ ಆಸನದ ಸಾಲುಗಳಲ್ಲಲ್ಲ, ಹೊರಗೆ ಗೇಟುಗಳ ಹತ್ತಿರ. ಇನ್ನೂರು ಡೀಲರುಗಳ ಸಭೆಗೆ ಆ ಹೋಲಿಕೆ ಅತಿಯಾಯಿತು ಎನ್ನಬಹುದು. ಆದರೆ ಊಟಕ್ಕೆ ಕರೆ ಬಂದ ಕ್ಷಣ ಆ ಒಂದು ಬಾಗಿಲಲ್ಲಿ ನಿಂತು ನೋಡಿ.

ಇದೇ ಜಹೀರಾಬಾದಿನ ಅಂಚಿನ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಇದೆ. 1983ರಿಂದ ನಡೆದು ಬಂದ ಸಂಸ್ಥೆ. ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ನಮ್ಮ ಮೈಸೂರಿನವರು, ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದು ಇಲ್ಲಿಗೆ ಬಂದು ನೆಲೆನಿಂತವರು. 2023ರ ಮಾರ್ಚ್ 19ರಂದು ತೀರಿಕೊಂಡರು. ಸುತ್ತಲಿನ ಹಳ್ಳಿಗಳಲ್ಲಿ ಬಡ ಹೆಣ್ಣುಮಕ್ಕಳ, ಹೆಚ್ಚಾಗಿ ದಲಿತರ, ಸಂಘಗಳಿವೆ. ಬೀಜ, ಧಾನ್ಯ, ಸಾಲ, ಜಮೀನು ಎಲ್ಲದರ ಲೆಕ್ಕ ಸಂಘದಲ್ಲಿ. ಕೂಡುವುದು ನೆಲದ ಮೇಲೆ, ಸುತ್ತ. ನಡುವೆ ಬೀಜದ ಬುಟ್ಟಿಗಳಿಗೆ ಜಾಗ. ಸಂಕ್ರಾಂತಿಗೆ ಹೊರಡುವ ಅವರ ಪಾತ ಪಂಟಲ ಜಾತರ, ಅಂದರೆ ಹಳೆಯ ತಳಿಗಳ ಜಾತ್ರೆ, ಸಭೆಯನ್ನೇ ಎತ್ತಿನ ಗಾಡಿ ಹತ್ತಿಸುತ್ತದೆ: ಸಿಂಗರಿಸಿದ ಗಾಡಿಗಳಲ್ಲಿ ಬೀಜ ತುಂಬಿಕೊಂಡು ಸುಮಾರು ಒಂದು ತಿಂಗಳು ಹಳ್ಳಿಯಿಂದ ಹಳ್ಳಿಗೆ. ಸಾವಿರಾರು ಜನರನ್ನು ಒಂದು ಮೈದಾನಕ್ಕೆ ಎಳೆದು ತಂದು ಸಾಲು ಕಾಯುವ ಬದಲು ಸಭೆಯೇ ಅವರ ಊರಿಗೆ ಹೋಗುತ್ತದೆ. ತಾಂಡೂರಿನ ರಾಶಿಗಳ ನಡುವೆ ಕಂಡದ್ದೂ ಇದೇ ಲೆಕ್ಕ.

ಸಂಸ್ಥೆಯ ಹೆಣ್ಣುಮಕ್ಕಳು ವಿಡಿಯೊ ಕ್ಯಾಮೆರಾ ಕಲಿತರು. ಶಾಲೆಯ ಮೆಟ್ಟಿಲು ಹತ್ತದವರು. ಲೋ ಆ್ಯಂಗಲ್, ಹೈ ಆ್ಯಂಗಲ್ ಎಂಬ ಪಾಠ ತಲೆಗೆ ಹತ್ತಲಿಲ್ಲವೋ, ಬೇಕೆನಿಸಲಿಲ್ಲವೋ, ತಮ್ಮದೇ ಹೆಸರಿಟ್ಟುಕೊಂಡರು. ಮೇಲಿಂದ ಕೆಳಗೆ ನೋಡುವುದು ಪಟೇಲ ಶಾಟ್, ದೊಡ್ಡ ಮನೆಯ ಕಟ್ಟೆ ಮೇಲೆ ಕೂತವನು ಅಂಗಳದಲ್ಲಿ ನಿಂತವರನ್ನು ನೋಡುವ ಹಾಗೆ. ಕೆಳಗಿಂದ ಮೇಲೆ ನೋಡುವುದು ಜೀತದಾಳಿನ ಶಾಟ್. ಕಣ್ಣಿನ ಮಟ್ಟಕ್ಕೆ ಹಿಡಿದದ್ದು ಸಂಘಂ ಶಾಟ್, ಸಂಘದಲ್ಲಿ ಎಲ್ಲರೂ ಒಂದೇ ಎತ್ತರದಲ್ಲಿ ಕೂಡುತ್ತಾರಲ್ಲ, ಅದಕ್ಕೆ. ಆಸನ ವ್ಯವಸ್ಥೆಯ ಬಗ್ಗೆ ಮ್ಯಾನೇಜ್‌ಮೆಂಟ್ ಪುಸ್ತಕಗಳು ಅಧ್ಯಾಯಗಟ್ಟಲೆ ಬರೆದದ್ದನ್ನು ಇವರು ಮೂರು ಹೆಸರಿನಲ್ಲಿ ಮುಗಿಸಿದ್ದಾರೆ. ಫಂಕ್ಷನ್ ಹಾಲಿನಿಂದ ಹೊರಬಂದವನಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಸುತ್ತ ಕೂಡುವುದಕ್ಕೂ ಒಂದು ಮಿತಿಯಿದೆ, ಅದನ್ನೂ ಹೇಳಬೇಕು. ಮೂವತ್ತು, ನಲವತ್ತು ಜನರಿಗೆ ಸರಿ. ನಾಲ್ಕು ನೂರು ಜನ ಸುತ್ತ ಕೂತರೆ ನಡುವಿನ ಜಾಗದಲ್ಲಿ ಕಬಡ್ಡಿ ಆಡಬಹುದು, ಮಾತು ಮಾತ್ರ ಕೇಳಿಸದು. ದೊಡ್ಡ ಸಭೆಗೆ ಸಾಲು ಬೇಕು, ಮೈಕು ಬೇಕು, ನಡುವೆ ಹಾದಿ ಬೇಕು.

ಈ ಸೀಮೆಯಲ್ಲಿ ಅಂಥ ದೊಡ್ಡ ಸಭೆ ಎಂದರೆ ಸಾರ್ವಜನಿಕ ಅಹವಾಲು. ತಾಂಡೂರಿನ ಸುತ್ತ ಸಿಮೆಂಟ್ ಕಾರ್ಖಾನೆಗಳು, ಸುಣ್ಣಕಲ್ಲಿನ ಗಣಿಗಳು. ಜಹೀರಾಬಾದ್ ಕಡೆ ಝರಾಸಂಗಂ, ನ್ಯಾಲಕಲ್ ಮಂಡಲಗಳಲ್ಲಿ 12 ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ಯೋಜಿಸಿರುವ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯ. 2006ರ ಸೆಪ್ಟೆಂಬರ್ 14ರ ಪರಿಸರ ಅಧಿಸೂಚನೆ ಇಂಥ ಅಹವಾಲಿಗೆ ನಿಯಮ ಹಾಕಿಕೊಟ್ಟಿದೆ. ಕನಿಷ್ಠ 30 ದಿನದ ನೋಟಿಸ್, ಯೋಜನೆಯ ಜಾಗದಲ್ಲೇ ಅಥವಾ ಅದರ ಹತ್ತಿರದಲ್ಲೇ ಸಭೆ, ಪೂರ್ತಿ ವಿಡಿಯೊ, ಬಂದವರೆಲ್ಲರಿಗೂ ಮಾತಿನ ಅವಕಾಶ, ಕೊನೆಗೆ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಕೋರಂ ಮಾತ್ರ ಇಲ್ಲ. ಸಾವಿರ ಸದಸ್ಯರ ತೊಗರಿ ಕಂಪನಿಯ ಲೆಕ್ಕ ಪಾಸಾಗಲು 250 ಜನ ಕೂಡಲೇಬೇಕು. ಜಮೀನಿನ ಪಕ್ಕ ಕಾರ್ಖಾನೆ ಬರುವ ಬಗ್ಗೆ ಕೇಳಲು ಎಷ್ಟು ಜನ ಬಂದರೂ ಸಭೆಯಾಯಿತು ಎನ್ನಬಹುದು. ಹಾಗಾಗಿ ಬ್ಯಾರಿಕೇಡ್ ಎಲ್ಲಿ ಹಾಕಿದರು, ಪೊಲೀಸರು ಎಲ್ಲಿ ನಿಂತರು, ಮೈಕಿನ ಹತ್ತಿರ ಮೊದಲು ಯಾರನ್ನು ಕೂಡಿಸಿದರು ಎಂಬುದೇ ಅರ್ಧ ತೀರ್ಪು. ನಾನು ನೋಡಿದ ಅಹವಾಲು ಸಭೆಗಳಲ್ಲಿ ವಿಡಿಯೊದವನು ವೇದಿಕೆಯ ಮೇಲೆ ಅಧಿಕಾರಿಗಳ ಪಕ್ಕ ನಿಂತಿರುತ್ತಾನೆ. ದಾಖಲೆಗೆ ಸೇರುವುದು ಪಟೇಲ ಶಾಟ್.

ನಾರಾಯಣಖೇಡದಲ್ಲಿ ನೋಡುವುದು ಕಡಿಮೆ, ಕೇಳಿಸಿಕೊಳ್ಳುವುದು ಹೆಚ್ಚು. ರೈಲಿಲ್ಲದ ಊರು, ಬಸ್ ನಿಲ್ದಾಣವೇ ಹೆಬ್ಬಾಗಿಲು. ಬಸವೇಶ್ವರ, ಸಂಗಮೇಶ್ವರ ಏತ ನೀರಾವರಿ ಯೋಜನೆಗಳಿಗೆ 2022ರ ಫೆಬ್ರುವರಿ 21ರಂದು ಅಂದಿನ ಮುಖ್ಯಮಂತ್ರಿ ಕೆ. ಚಂದ್ರಶೇಖರ ರಾವ್ ಅಡಿಗಲ್ಲಿಟ್ಟದ್ದು ಇಲ್ಲೇ. ಹೆಸರುಗಳೇ ಹೇಳುತ್ತವೆ ಇದು ಯಾರ ನೆರೆ ಎಂದು. ಕಂಗ್ಟಿ, ಮನೂರು ಕಡೆಯ ಗಡಿಹಳ್ಳಿಗಳವರಿಗೆ ಮನೆಯಲ್ಲಿ ಕನ್ನಡ, ಬಜಾರದಲ್ಲಿ ದಖನಿ, ಕಚೇರಿಯಲ್ಲಿ ತೆಲುಗು. ಸಭೆಯಲ್ಲಿ ವೇದಿಕೆಯಿಂದ ಬರುವುದು ತೆಲುಗು, ಅದೂ ಹೈದರಾಬಾದಿನ ಅಧಿಕಾರಿಯ ತೆಲುಗು. ಹಿಂದಿನ ಸಾಲುಗಳಲ್ಲಿ ಅದು ಒಬ್ಬರಿಂದ ಒಬ್ಬರಿಗೆ ಕನ್ನಡವಾಗಿ ದಾಟುತ್ತದೆ. ವೇದಿಕೆಯವರಿಗೆ ಅದು ಗಲಾಟೆ, “ಸೈಲೆನ್ಸ್” ಎಂದು ಗದರುತ್ತಾರೆ. ಚಹದ ಅಂಗಡಿಯಲ್ಲಿ ಒಬ್ಬ ಹಿರಿಯರು ಅಂದರು: “ಮುಂದ ಕುಂತವ್ರಿಗಿ ತಿಳೀತದ್ರಿ, ಅವ್ರು ಕೇಳಂಗಿಲ್ಲ. ನಮಗ ಕೇಳ್ಬೇಕು, ನಾವ್ ಹಿಂದ.”

ಮೂರೂ ಊರುಗಳಲ್ಲಿ ತೊಗರಿ ಮುಗಿದ ಮೇಲೆ, ಮಳೆಗೆ ಮೊದಲು, ಸಭೆಗಳ ಕಾಲ. ಫಂಕ್ಷನ್ ಹಾಲು ಗೊತ್ತುಮಾಡಲು ಹೊರಟಿರುವ ಕಾರ್ಯದರ್ಶಿಗಳಿಗೆ ಒಂದು ಮಾತು. ಸೋಫಾದ ಬಾಡಿಗೆ ಉಳಿಸಿ ಎರಡನೆಯ ಮೈಕು ತರಿಸಿ, ಕೊನೆಯ ಸಾಲಿನ ಪಕ್ಕ ನಿಲ್ಲಿಸಿ, ಮೊದಲ ಪ್ರಶ್ನೆ ಅಲ್ಲಿಂದಲೇ ಬರಲಿ. ಅದರ ಹತ್ತಿರ ಕನ್ನಡವೂ ದಖನಿಯೂ ಬಲ್ಲ ಒಬ್ಬರನ್ನು ಕೂಡಿಸಿ. ಎರಡನೆಯ ಬಾಗಿಲ ಮುಂದಿನ ಕುರ್ಚಿಗಳನ್ನು ಹಿಂದಿನ ದಿನವೇ ತೆಗೆಸಿ. ಹಳ್ಳಿ ಕಡೆ ಹೋಗುವ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಡಿಪೋದಲ್ಲಿ ಕೇಳಿಕೊಂಡು, ಆಮಂತ್ರಣದಲ್ಲಿ ಸಭೆ ಮುಗಿಯುವ ಹೊತ್ತನ್ನೂ ಅಚ್ಚು ಹಾಕಿಸಿ.